ಹಚ್ಚೆಯ ಕೈ

ಹಚ್ಚೆ ಎಂಬ ಶಬ್ದವು ಹಸುರೆಂಬ ಅರ್ಥದ ಪಚ್ಚೆಯಿಂದ ಬಂದುದು. ತಮಿಳರು ಇಂದಿಗೂ ಪಚ್ಚೆ ಕುತ್ತುವುದೆಂದೇ ಹೇಳುವರು. ಚುಚ್ಚುವಾಗ ಕಪ್ಪಾಗಿದ್ದ ಮಸಿಯು ಚರ್ಮದ ಒಳಪದರದಲ್ಲಿ ನೆಲೆನಿಂತ ಮೇಲೆ ಹಸುರಾಗಿ ತೋರುವುದಷ್ಟೆ. ಗಿಣಿಗೇರಾದ ಸುತ್ತಣ ಹಳ್ಳಿಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳ ಮುಂಗೈಯಲ್ಲಿ ರಂಗವಲ್ಲಿಯ ಚುಕ್ಕೆ, ತುಳಸಿಕಟ್ಟೆ, ಚೇಳು ಮುಂತಾದುವನ್ನು ವಾಚಕರು ಕಂಡಿರಬಹುದು. ಮುಂಗೈಯೆಂದರೆ ದುಡಿಯುವ ಕೈ. ಕಳೆ ಕೀಳುವಾಗಲೂ ರೊಟ್ಟಿ ಬಡಿಯುವಾಗಲೂ ನಾಲ್ವರ ಕಣ್ಣಿಗೆ ಬೀಳುವ ಕೈ. ಅದನ್ನು ಮರೆಮಾಡಬೇಕೆಂಬ ಆಲೋಚನೆಯೇ ಆ ದುಡಿಮೆಯ ಲೋಕದಲ್ಲಿರಲಿಲ್ಲ. ಒಡವೆ ವಸ್ತುಗಳೆಲ್ಲ ಇಲ್ಲಿಯೇ ಉಳಿಯುವುವು, ಹಚ್ಚೆಯೊಂದೇ ಸತ್ತ ಮೇಲೂ ಒಡನೆ ಬರುವುದೆಂದು ಹಳಬರ ನಂಬುಗೆ.

ಹಾಕಿಸಿಕೊಂಡವರಿಗೆ ಅದು ಭೂಷಣವಾಯಿತು. ಹಾಕಿದವರ ಕಥೆ ಬೇರೆ. ಈ ಸೂಜಿಯ ಕಸುಬು ಬಹುಮಟ್ಟಿಗೆ ಕೊರವರ ಮತ್ತು ಶಿಳ್ಳೇಕ್ಯಾತರ ಹೆಂಗಸರದು. ಮದ್ರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ನನು 19ನೆಯ ಶತಮಾನದ ಕೊನೆಯಲ್ಲಿ ಇದರ ವಿಧಾನವನ್ನು ಬರೆದಿಟ್ಟನು. ಅರಿಸಿನವನ್ನೂ ಚೊಗಚೆಯ ಎಲೆಯನ್ನೂ ಅರೆದು ಬಟ್ಟೆಗೆ ಸವರಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಕಾಡಿಗೆಯನ್ನು ಹಿಡಿದು, ನೀರಿನಲ್ಲಿ ಇಲ್ಲವೆ ಮೊಲೆಹಾಲಿನಲ್ಲಿ ಕಲಸುವರು. ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚುವರು. ಶಿಳ್ಳೇಕ್ಯಾತರ ಗಂಡಸರು ಪಶುವಿನ ತೊಗಲನ್ನು ಕೊರೆದು ಬಣ್ಣವಿಟ್ಟರೆ ಹೆಂಗಸರು ಮನುಷ್ಯರ ತೊಗಲನ್ನೇ ಹಲಗೆಯನ್ನಾಗಿ ಮಾಡಿಕೊಂಡರು. ನಮ್ಮ ಮೋರನಾಳದ ಭೀಮವ್ವನವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಸಂದಿತು; ಸಂತೋಷದ ವಿಷಯವೇ. ಹಚ್ಚೆಯ ಸೂಜಿಗಾದರೋ ಅಂಥ ಮನ್ನಣೆ ಇನ್ನೂ ದೂರ.

ಹಚ್ಚೆಗೆ ಕಳಂಕವು ಅಂಟಿದುದು ಬಹುಮಟ್ಟಿಗೆ ಸರಕಾರದ ಕೈಯಿಂದಲೆಂದು ನನ್ನ ಅಭಿಪ್ರಾಯ. ಬಂಗಾಳದಲ್ಲಿ 1797ರ ಕಟ್ಟಳೆಯಂತೆ ಜೀವಾವಧಿಯ ಕೈದಿಗಳ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಾಗಿ ಬರೆಯುತ್ತಿದ್ದರು. ಅಂಥವನು ರುಮಾಲನ್ನು ಹುಬ್ಬಿನವರೆಗೆ ಇಳಿಸಿಕೊಳ್ಳದೆ ಯಾರ ಬಳಿ ಕೆಲಸ ಕೇಳಿಯಾನು? ಈ ಶಿಕ್ಷೆಯು 1849ರಲ್ಲಿ ರದ್ದಾಯಿತು. ಆದರೆ 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ವ್ಯಾಪಿಸಿತು. ಕೊಪ್ಪಳವು ಆಗ ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗರ ಜಹಗೀರು. ತುಂಗಭದ್ರೆಯ ಆಚೆಯ ಬಳ್ಳಾರಿಯು ಮದ್ರಾಸಿನದು. ಮದ್ರಾಸಿನ ಕೊರವರ ಹಲವು ಪಂಗಡಗಳು ಈ ಪಟ್ಟಿಗೆ ಸೇರಿದುವು. ಕಣಿ ಹೇಳುತ್ತ ಹಚ್ಚೆ ಹಾಕುತ್ತ ಅಂಗಳಕ್ಕೆ ಬಂದ ಹೆಂಗಸು ಪೋಲೀಸರ ಕಣ್ಣಿಗೆ ಮನೆಯ ಒಳಹೊರಗನ್ನು ನೋಡಿಹೋಗುವ ಬೇಹುಗಾತಿಯಾದಳು. ಹೀಗೆ ಕಸುಬೇ ಗುಮಾನಿಗೆ ಸಾಕ್ಷಿಯಾಯಿತು. ಆ ಕಾಯಿದೆಯು ತೊಲಗಿದುದು 1952ರಲ್ಲಿ.

ಅದೇ 1911ರ ಡಿಸೆಂಬರಿನಲ್ಲಿ ದಿಲ್ಲಿಯ ದರ್ಬಾರಿನಲ್ಲಿ ಕುಳಿತ ಐದನೆಯ ಜಾರ್ಜ್ ಚಕ್ರವರ್ತಿಯ ತೋಳಿನಲ್ಲಿ ಹಚ್ಚೆಯಿದ್ದಿತು! ನೌಕಾಪಡೆಯಲ್ಲಿದ್ದಾಗ, 1881ರಲ್ಲಿ, ಜಪಾನಿನಲ್ಲಿ ಬರೆಸಿಕೊಂಡ ಘಟಸರ್ಪವದು. ಅದರಿಂದ ಅವನ ಕೆಲಸಕ್ಕೆ ಯಾವ ಕುಂದೂ ಬರಲಿಲ್ಲ. ದೊರೆಯ ಅಂಗಿಯ ತೋಳು ಉದ್ದವಾಗಿತ್ತೆಂಬುದೂ ನಿಜವೇ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿಯು 1891ರಲ್ಲಿ ವಿದ್ಯುತ್ತಿನ ಹಚ್ಚೆಯಂತ್ರಕ್ಕೆ ಹಕ್ಕುಪತ್ರ ಪಡೆದನು. ಆ ಜಾತಿಯ ಯಂತ್ರಗಳು ಈಗ ನಮ್ಮ ಪೇಟೆಗಳಲ್ಲಿಯೂ ಗುಂಯ್‌ಗುಡುತ್ತಿವೆ. ಗಿಣಿಗೇರಾದ ಸುತ್ತ ಉಕ್ಕು ಕಬ್ಬಿಣದ ಕಾರ್ಖಾನೆಗಳೆದ್ದಿವೆ. ಕುಲುಮೆಯ ಮುಂದೆ ನಿಲ್ಲುವವನ ತೋಳು ಕಾವಿಗಂಜಿ ಹೇಗೂ ಮುಚ್ಚಿರುವುದು. ತೊಡಕು ಬರುವುದು ಮೇಜಿನ ಹಿಂದೆ ಕುಳಿತು ಜನರನ್ನು ಎದುರುಗೊಳ್ಳುವ ಕೆಲಸದಲ್ಲಿ, ಮುಖ್ಯವಾಗಿ ಸಿಪಾಯಿಗಿರಿಯಲ್ಲಿ. ಭೂಸೇನೆಯ ಭರ್ತಿಯ ನಿಯಮದಂತೆ ಮುಂಗೈಯ ಒಳಮೈಯಲ್ಲಿಯೂ ಅಂಗೈಯ ಹಿಂಬದಿಯಲ್ಲಿಯೂ ಮಾತ್ರ ಹಚ್ಚೆಗೆ ಎಡೆಯುಂಟು. ಕುತ್ತಿಗೆಯ ಮೇಲೆ ಪ್ರೇಯಸಿಯ ಹೆಸರನ್ನು ಬರೆಸಿಕೊಂಡ ತರುಣನು ಎಷ್ಟು ವೇಗವಾಗಿ ಓಡಿದರೂ ಹಿಂದಿರುಗಬೇಕು. ಕೇಂದ್ರದ ಸಶಸ್ತ್ರ ಪೋಲೀಸ್ ಪಡೆಗಳು ಮುಂಗೈಗಳಲ್ಲಿ ಎಡದ್ದನ್ನು ಮಾತ್ರ ಒಪ್ಪುವುವು, ಏಕೆಂದರೆ ಸಲಾಮು ಮಾಡುವುದು ಬಲಗೈ. ಸಂಪ್ರದಾಯದಂತೆ ಮುಖಕ್ಕೆ ಹಚ್ಚೆಯಿಟ್ಟುಕೊಂಡ ಬುಡಕಟ್ಟಿನವರನ್ನು ಸೇನೆಯು ಒಬ್ಬೊಬ್ಬರಾಗಿ ಪರಿಶೀಲಿಸಿ ಸೇರಿಸಿಕೊಳ್ಳುವುದು.