ನಾದಕ್ಕೂ ಬೆಲೆಗೂ ನಡುವೆ

1833ರಲ್ಲಿ ಸ್ಯಾಕ್ಸನಿಯಿಂದ ನ್ಯೂಯಾರ್ಕಿಗೆ ವಲಸೆ ಬಂದು, ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯದ ನಜರೆತ್‌ನಲ್ಲಿ ನೆಲೆನಿಂತ ಗಿಟಾರ್ ತಯಾರಕರಾದ ಮಾರ್ಟಿನ್ ಮನೆತನದವರು, ಸ್ಪ್ರೂಸ್ ಮರದ ತೆಳುಹಲಗೆಯ ಒಳಮೈಗೆ ಕತ್ತರಿಯಾಕಾರವಾಗಿ ಪಟ್ಟಿಗಳನ್ನು ಅಂಟಿಸುವ ಪದ್ಧತಿಯನ್ನು ರೂಢಿಗೆ ತಂದು, ಗಿಟಾರಿಗೆ ದಾರ್ಢ್ಯವನ್ನೂ ನಾದಗಾಂಭೀರ್ಯವನ್ನೂ ಏಕಕಾಲದಲ್ಲಿ ಒದಗಿಸಿದರು. ಇತ್ತ ಷಿಕಾಗೋದ ಹಾರ್ಮನಿ ಕಾರ್ಖಾನೆಯಾದರೋ, 1916ರಲ್ಲಿ ಅಂಚೆವ್ಯಾಪಾರದ ಸಿಯರ್ಸ್ ಸಂಸ್ಥೆಯ ವಶವಾದ ತರುವಾಯ, ಬರ್ಚ್ ಮರದ ಒಡಲಿಗೆ ನೇರ ಅಡ್ಡಪಟ್ಟಿಗಳನ್ನಷ್ಟೇ ಜೋಡಿಸಿದ ಅಗ್ಗದ ವಾದ್ಯಗಳನ್ನು ಅಂಚೆಯ ಮೂಲಕ ಹಳ್ಳಿಗಾಡಿನ ಮನೆಗಳಿಗೂ ಮುಟ್ಟಿಸಿತು. ಅವುಗಳ ಸ್ವರ ಬೇಗನೆ ಅಡಗುವುದು ದಿಟವಾದರೂ, ನಿರ್ಧನ ಗಾಯಕರ ಕಂಠಕ್ಕೆ ಆಸರೆಯಾದುವು ಅಂಥವೇ. 1969ರಲ್ಲಿ, ಅದುವರೆಗೆ ವಾದ್ಯದ ಒಡಲಿಗೆ ಬಳಸುತ್ತಿದ್ದ ಬ್ರೆಜಿಲಿನ ಬೀಟೆಮರವು ದುರ್ಲಭವಾಗಲು ಮಾರ್ಟಿನ್ ಸಂಸ್ಥೆಯು, ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವ ಭಾರತೀಯ ಬೀಟೆಯನ್ನು ಆಶ್ರಯಿಸಿತು. ಆ ಮೊದಲಿನ ವಾದ್ಯಗಳ ಬೆಲೆಯೋ ಗಗನಕ್ಕೇರಿತು. ಮರದ ಅಭಾವದಿಂದ ಒದಗಿದ ಈ ಬೆಲೆಯನ್ನೆಲ್ಲ ನಾದದ ಉತ್ಕರ್ಷವೆಂದೇ ಎಣಿಸುವುದು ವಿವೇಕವೆನಿಸದು.