ಕಛೇರಿ ನಿಲ್ಲಿಸಿದ ಕಸಾಲ್ಸ್

ರಾತ್ರಿ ಕೆಲಸ ಮುಗಿದ ಮೇಲೆ ನಾನು ಹೆಚ್ಚಾಗಿ ಕೇಳುವುದು ಪಾಬ್ಲೊ ಕಸಾಲ್ಸ್ ನುಡಿಸಿದ ಬಾಖ್‌ನ ಆರು ಚೆಲ್ಲೊ ಕೃತಿಗಳನ್ನು. 1936ರಿಂದ 1939ರವರೆಗೆ ರೆಕಾರ್ಡ್ ಆದವು ಅವು. ಅದೇ ವರ್ಷಗಳಲ್ಲಿ ಅವರ ಸ್ಪೇನ್ ಅಂತರ್ಯುದ್ಧದಲ್ಲಿ ಉರಿಯುತ್ತಿತ್ತು.

ಕಸಾಲ್ಸ್ ಹುಟ್ಟಿದ್ದು 1876ರಲ್ಲಿ, ಕ್ಯಾಟಲೋನಿಯಾದ ಎಲ್ ವೆಂಡ್ರೆಲ್‌ನಲ್ಲಿ. ತಂದೆ ಚರ್ಚಿನ ಆರ್ಗನ್ ವಾದಕ. 13ನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಈ ಕೃತಿಗಳ ಸ್ವರಲಿಪಿ ಅವರ ಕೈಗೆ ಸಿಕ್ಕಿತು. ಆಗ ಹೆಚ್ಚಿನವರಿಗೆ ಅವು ಬರೀ ಅಭ್ಯಾಸದ ಪಾಠಗಳು. ಕಸಾಲ್ಸ್ ವರ್ಷಗಟ್ಟಲೆ ಸಾಧನೆ ಮಾಡಿ, ಆಮೇಲೆ ಸಭೆಯಲ್ಲಿ ನುಡಿಸಿದರು.

1939ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಗೆದ್ದ. ಕಸಾಲ್ಸ್ ಗಡಿಯಾಚೆ, ಫ್ರಾನ್ಸಿನ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಶಿಬಿರಗಳಲ್ಲಿದ್ದ ನಿರಾಶ್ರಿತರಿಗೆ ನೆರವಾದರು. ಮಹಾಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳು ಫ್ರಾಂಕೊನನ್ನೂ ಇಳಿಸುತ್ತವೆಂದು ನಂಬಿದ್ದರು. ಹಾಗಾಗಲಿಲ್ಲ. ಪ್ರತಿಭಟನೆಯಾಗಿ ಕಛೇರಿಗಳನ್ನೇ ನಿಲ್ಲಿಸಿದರು. 1950ರಲ್ಲಿ, ಬಾಖ್ ತೀರಿಕೊಂಡು 200 ವರ್ಷವಾದಾಗ, ಸಂಗೀತಗಾರರೇ ಅವರಿದ್ದ ಪ್ರಾದ್‌ಗೆ ಬಂದು ಉತ್ಸವ ನಡೆಸಿದರು.

ಆ ಹಟ ಪೂರ್ತಿ ಉಳಿಯಲಿಲ್ಲ. 1961ರಲ್ಲಿ ಕೆನಡಿಗಾಗಿ ಶ್ವೇತಭವನದಲ್ಲಿ ನುಡಿಸಿದರು. ಆದರೆ ಫ್ರಾಂಕೊನ ಸ್ಪೇನಿನಲ್ಲಿ ಕಛೇರಿ ಕೊಡಲೇ ಇಲ್ಲ. 1971ರಲ್ಲಿ, 94ರ ಇಳಿವಯಸ್ಸಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ ತಾವು ಕ್ಯಾಟಲನ್ ಎಂದು ಹೇಳಿಕೊಂಡು, ತಮ್ಮ ನಾಡಿನ ಹಕ್ಕಿಗಳ ಜನಪದ ಹಾಡನ್ನು ನುಡಿಸಿದರು.

1973ರಲ್ಲಿ ಪೋರ್ಟೊ ರಿಕೊದಲ್ಲಿ ತೀರಿಕೊಂಡರು. ಫ್ರಾಂಕೊ ಸತ್ತದ್ದು ಎರಡು ವರ್ಷ ತಡವಾಗಿ. 1979ರಲ್ಲಿ ಕಸಾಲ್ಸರ ಅವಶೇಷಗಳು ವೆಂಡ್ರೆಲ್‌ಗೆ ಮರಳಿದವು.

ಹಬ್ಬಕ್ಕೆ ಊರಿನ ಬಸ್ ಟಿಕೆಟ್ ಸಿಗಲಿಲ್ಲವೆಂದು ಗೊಣಗುವಾಗಲೆಲ್ಲ ನನಗೆ ಈ ಮುದುಕರ ನೆನಪಾಗುತ್ತದೆ.