ಕೈನೆಸಿಸ್ ಪ್ರೊಡ್ಯೂಸರ್ ಲೈಬ್ರರಿ

ಕೈನೆಸಿಸ್ ಪ್ರೊಡ್ಯೂಸರ್ ಲೈಬ್ರರಿ ಅಥವಾ ಕೆಪಿಎಲ್ ಎಂಬುದು ಸಣ್ಣ ಸಣ್ಣ ದತ್ತಾಂಶ ದಾಖಲೆಗಳನ್ನು ಒಟ್ಟುಗೂಡಿಸಿ, ಕಂತೆಗಳಾಗಿ ಕಟ್ಟಿ, ಅಮೆಜಾನ್ ವೆಬ್ ಸರ್ವೀಸಸ್ ಸಂಸ್ಥೆಯ ಕೈನೆಸಿಸ್ ಡೇಟಾ ಸ್ಟ್ರೀಮ್ಸ್ ಎಂಬ ಕ್ಲೌಡ್ ಸೇವೆಗೆ ಕಳುಹಿಸುವ ತಂತ್ರಾಂಶ ಲೈಬ್ರರಿ. ಕೈನೆಸಿಸ್ ಸೇವೆಯು 2013ರಲ್ಲಿ ಆರಂಭವಾಯಿತು. ಈ ಲೈಬ್ರರಿ 2015ರಲ್ಲಿ ಬಿಡುಗಡೆಗೊಂಡಿತು. ಜಾವಾ ಭಾಷೆಯಲ್ಲಿ ಬರೆದ ಕ್ರಮವಿಧಿಗಳು ಇದನ್ನು ನೇರವಾಗಿ ಬಳಸಬಹುದು. ಕಡಿಮೆ ವೆಚ್ಚದಲ್ಲಿ ಹೆಚ್ಚು ದತ್ತಾಂಶವನ್ನು ಸಾಗಿಸುವುದು ಇದರ ಉದ್ದೇಶ. ದಾಖಲೆಗಳು ಕಂತೆ ಸೇರುವವರೆಗೆ ಕಂಪ್ಯೂಟರಿನ ಸ್ಮೃತಿಯಲ್ಲಿ ಕಾಯುವುದರಿಂದ ಉಂಟಾಗುವ ವಿಳಂಬ ಮತ್ತು ನಷ್ಟದ ಸಾಧ್ಯತೆಗಳು ಆ ಉಳಿತಾಯಕ್ಕೆ ತೆರಬೇಕಾದ ಬೆಲೆ.

ಹಿನ್ನೆಲೆ

ಜಾಲದ ಮೂಲಕ ಹೋಗುವ ಪ್ರತಿಯೊಂದು ಕೋರಿಕೆಗೂ ಅದರ ಒಳಗಿನ ದತ್ತಾಂಶದ ಗಾತ್ರವನ್ನು ಅವಲಂಬಿಸದ ಒಂದು ನಿಶ್ಚಿತ ಖರ್ಚಿರುತ್ತದೆ. ಸಂಪರ್ಕ ಏರ್ಪಡಬೇಕು, ಕಳುಹಿಸುವವರ ಗುರುತು ಪರಿಶೀಲನೆಯಾಗಬೇಕು, ಶಿರೋಲೇಖಗಳು ಸಾಗಬೇಕು, ಉತ್ತರ ಮರಳಿ ಬರಬೇಕು. ಇನ್ನೂರು ಬೈಟ್‌ಗಳ ಒಂದು ದಾಖಲೆಯನ್ನು ಒಂಟಿಯಾಗಿ ಕಳುಹಿಸಿದಾಗ ಸರಕಿಗಿಂತ ಸಾಗಣೆಯ ಖರ್ಚೇ ಹೆಚ್ಚಾಗುತ್ತದೆ. ಇದು ಕ್ಲೌಡ್ ಯುಗದಲ್ಲಿ ಹುಟ್ಟಿದ ಸಮಸ್ಯೆಯಲ್ಲ. ಒಂದೆರಡು ಬೈಟ್‌ಗಳ ಪ್ಯಾಕೆಟ್‌ಗಳಿಂದ ಜಾಲ ತುಂಬಿಹೋಗುವುದನ್ನು ತಡೆಯಲು, ಹಿಂದಿನದಕ್ಕೆ ಸ್ವೀಕೃತಿ ಬರುವವರೆಗೆ ಸಣ್ಣ ತುಣುಕುಗಳನ್ನು ಕೂಡಿಹಾಕಿಕೊಳ್ಳುವ ವಿಧಾನವನ್ನು ಜಾನ್ ನೇಗಲ್ 1984ರಲ್ಲಿಯೇ ಸೂಚಿಸಿದ್ದರು. ಕೆಪಿಎಲ್ ಅದೇ ವಿಚಾರವನ್ನು ಅನ್ವಯಿಕ ತಂತ್ರಾಂಶದ ಮಟ್ಟಕ್ಕೆ ತಂದಿದೆ.

ಕೈನೆಸಿಸ್ ಸೇವೆಯಲ್ಲಿ ಈ ಅಗತ್ಯ ಇನ್ನಷ್ಟು ತೀವ್ರವಾದುದು. ಅಲ್ಲಿ ಪ್ರತಿ ಸ್ಟ್ರೀಮ್ ಅನ್ನು ಶಾರ್ಡ್ ಎಂಬ ಭಾಗಗಳಾಗಿ ವಿಂಗಡಿಸಲಾಗಿರುತ್ತದೆ. ಒಂದು ಶಾರ್ಡ್ ಸೆಕೆಂಡಿಗೆ 1,000 ದಾಖಲೆಗಳನ್ನು ಅಥವಾ 1 ಎಂಬಿ ದತ್ತಾಂಶವನ್ನು, ಇವೆರಡರಲ್ಲಿ ಯಾವ ಮಿತಿ ಮೊದಲು ಮುಟ್ಟುತ್ತದೆಯೋ ಅಷ್ಟನ್ನು ಮಾತ್ರ ಸ್ವೀಕರಿಸುತ್ತದೆ. ದಾಖಲೆಗಳು ಚಿಕ್ಕವಾಗಿದ್ದರೆ ಎಣಿಕೆಯ ಮಿತಿ ಮೊದಲು ತಲುಪಿ, ಗಾತ್ರದ ಸಾಮರ್ಥ್ಯದಲ್ಲಿ ಬಹುಪಾಲು ಖಾಲಿ ಉಳಿಯುತ್ತದೆ.

ಕಾರ್ಯವಿಧಾನ

ಕೆಪಿಎಲ್ ಎರಡು ಹಂತಗಳಲ್ಲಿ ಕಂತೆ ಕಟ್ಟುತ್ತದೆ. ಮೊದಲನೆಯದು ಒಗ್ಗೂಡಿಕೆ: ಬಳಕೆದಾರನ ಹಲವು ದಾಖಲೆಗಳನ್ನು ಸೇರಿಸಿ ಕೈನೆಸಿಸ್‌ನ ಒಂದೇ ದಾಖಲೆಯನ್ನಾಗಿ ಮಾಡುವುದು. ಎರಡನೆಯದು ಸಂಗ್ರಹಣೆ: ಹೀಗೆ ಸಿದ್ಧವಾದ ಕೈನೆಸಿಸ್ ದಾಖಲೆಗಳಲ್ಲಿ ಗರಿಷ್ಠ 500ನ್ನು ಒಂದೇ ಕೋರಿಕೆಯಲ್ಲಿ ರವಾನಿಸುವುದು. ಎರಡೂ ಒಂದೇ ಎಂದು ಹೊಸಬರು ಭಾವಿಸುವುದುಂಟು. ಸಂಗ್ರಹಣೆಯಿಂದ ಕೋರಿಕೆಗಳ ಸಂಖ್ಯೆ ಮಾತ್ರ ತಗ್ಗುತ್ತದೆ. ಶಾರ್ಡಿನ ಎಣಿಕೆಯ ಮಿತಿಯನ್ನು ಮೀರಿ ಸಾಗಲು ಒಗ್ಗೂಡಿಕೆಯೇ ಬೇಕು.

ಕ್ರಮವಿಧಿಯು ದಾಖಲೆಯನ್ನು ಲೈಬ್ರರಿಗೆ ಒಪ್ಪಿಸಿದ ಕೂಡಲೇ ಫ್ಯೂಚರ್ ಎಂಬ ಒಂದು ಭರವಸೆಯ ಚೀಟಿ ಮರಳಿ ದೊರೆಯುತ್ತದೆ. ದಾಖಲೆ ನಿಜವಾಗಿ ತಲುಪಿತೇ ಎಂಬುದು ಮುಂದೆ ಆ ಚೀಟಿಯ ಮೂಲಕವೇ ತಿಳಿಯಬೇಕು. ಈ ನಡುವೆ ದಾಖಲೆಯು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆಯಲಾದ ಪ್ರತ್ಯೇಕ ಹಿನ್ನೆಲೆ ಪ್ರಕ್ರಿಯೆಯೊಂದಕ್ಕೆ ವರ್ಗವಾಗುತ್ತದೆ. ಕಂತೆ ಕಟ್ಟುವುದು, ಶಾರ್ಡಿನ ಮಿತಿಗೆ ತಕ್ಕಂತೆ ವೇಗ ತಗ್ಗಿಸುವುದು, ವಿಫಲವಾದುದನ್ನು ಮತ್ತೆ ಕಳುಹಿಸುವುದು ಇವೆಲ್ಲ ಅದರ ಹೊಣೆ.

ಕಂತೆ ಹೊರಡಲು ಎರಡು ಸಂದರ್ಭಗಳಿವೆ. ಒಗ್ಗೂಡಿದ ದಾಖಲೆಯು ನಿಗದಿತ ಗಾತ್ರವನ್ನು ಮುಟ್ಟಬೇಕು, ಇಲ್ಲವೇ ಕಾಯುವ ಗರಿಷ್ಠ ಅವಧಿ ಮುಗಿಯಬೇಕು. ಪೂರ್ವನಿಗದಿತವಾಗಿ ಗಾತ್ರದ ಮಿತಿ 51,200 ಬೈಟ್ ಮತ್ತು ಕಾಯುವ ಅವಧಿ 100 ಮಿಲಿಸೆಕೆಂಡ್. ಇವಲ್ಲದೆ ಪ್ರತಿ ದಾಖಲೆಗೂ ಒಂದು ಆಯುಷ್ಯವಿದೆ. ಪೂರ್ವನಿಗದಿತವಾಗಿ ಅದು 30 ಸೆಕೆಂಡ್. ಅಷ್ಟರೊಳಗೆ ತಲುಪದ ದಾಖಲೆಯನ್ನು ಲೈಬ್ರರಿ ಕೈಬಿಟ್ಟು, ಅದರ ಚೀಟಿಯನ್ನು ವಿಫಲವೆಂದು ಗುರುತಿಸುತ್ತದೆ.

ಒಗ್ಗೂಡಿಸಿದ ದಾಖಲೆಯ ಆರಂಭದಲ್ಲಿ ನಾಲ್ಕು ಬೈಟ್‌ಗಳ ಒಂದು ಗುರುತು, ಅನಂತರ ಪ್ರೋಟೋಬಫ್ ರೂಪದ ಒಡಲು, ಕೊನೆಯಲ್ಲಿ ತಾಳೆ ನೋಡಲು ಎಂಡಿ5 ಮೊತ್ತ ಇರುತ್ತವೆ. ಸ್ವೀಕರಿಸುವ ಕಡೆ ಇದನ್ನು ಬಿಡಿಸಬೇಕು. ಕೈನೆಸಿಸ್ ಕ್ಲೈಂಟ್ ಲೈಬ್ರರಿ ತಾನಾಗಿಯೇ ಬಿಡಿಸುತ್ತದೆ. ಬೇರೆ ಸಾಧನ ಬಳಸುವವರು ಈ ಹಂತವನ್ನು ಮರೆತರೆ ಅರ್ಥವಾಗದ ಬೈಟ್‌ಗಳಷ್ಟೇ ಕೈಗೆ ಸಿಗುತ್ತವೆ.

ಒಂದು ಉದಾಹರಣೆ: ಹಾವೇರಿ ಜಿಲ್ಲೆಯ ಮಾರುಕಟ್ಟೆಗಳು

ಈ ಮಿತಿಗಳು ವ್ಯವಹಾರದಲ್ಲಿ ಏನನ್ನು ಸೂಚಿಸುತ್ತವೆ ಎಂಬುದನ್ನು ಕರ್ನಾಟಕದ ಓದುಗರಿಗೆ ಪರಿಚಿತವಾದ ಕೃಷಿ ಮಾರುಕಟ್ಟೆಯ ಸಂದರ್ಭದಲ್ಲಿ ಪರಿಶೀಲಿಸಬಹುದು. ರಾಜ್ಯದ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ಜಾಲಕ್ಕೆ ತರಲು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು 2014ರಲ್ಲಿ ಆರಂಭಿಸಲಾಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿಯು ದೇಶದ ದೊಡ್ಡ ಒಣಮೆಣಸಿನಕಾಯಿ ಮಾರುಕಟ್ಟೆಗಳಲ್ಲೊಂದು. ಕಡಿಮೆ ಖಾರ ಮತ್ತು ಗಾಢ ಕೆಂಪು ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲಗಳ ಆವಕವಾಗುವುದುಂಟು. ಇಲ್ಲಿ ಇ-ಟೆಂಡರ್ ಮೂಲಕ ವ್ಯಾಪಾರ ನಡೆಯುತ್ತದೆ. ಖರೀದಿದಾರರು ದಲಾಲರ ಅಂಗಡಿಗಳಲ್ಲಿ ಸುರಿದಿರುವ ಮಾಲನ್ನು ನೋಡಿ, ಪ್ರತಿ ಲಾಟಿಗೂ ತಮ್ಮ ದರವನ್ನು ನಮೂದಿಸುತ್ತಾರೆ. ಟೆಂಡರ್ ಅವಧಿ ಮುಗಿದ ಮೇಲೆ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ಮುಂದಿನ ಲೆಕ್ಕವು ಲೈಬ್ರರಿಯ ಸ್ವಭಾವವನ್ನು ತಿಳಿಸಲು ಕಲ್ಪಿಸಿಕೊಂಡದ್ದೇ ಹೊರತು ಈ ಮಾರುಕಟ್ಟೆಗಳಲ್ಲಿ ಬಳಕೆಯಲ್ಲಿರುವ ತಂತ್ರಾಂಶದ ವಿವರಣೆಯಲ್ಲ.

ಒಂದು ದಿನ 20,000 ಲಾಟುಗಳಿದ್ದು, ಪ್ರತಿ ಲಾಟಿಗೆ ಸರಾಸರಿ 10 ದರಗಳು ಬಂದರೆ ಒಟ್ಟು 2 ಲಕ್ಷ ದಾಖಲೆಗಳಾಗುತ್ತವೆ. ಒಂದೊಂದೂ 200 ಬೈಟ್ ಎಂದುಕೊಂಡರೆ ಒಟ್ಟು ಗಾತ್ರ 40 ಎಂಬಿ ಮಾತ್ರ. ಒಗ್ಗೂಡಿಸದೆ ಕಳುಹಿಸಿದರೆ ಒಂದು ಶಾರ್ಡಿಗೆ ಇದನ್ನು ಸ್ವೀಕರಿಸಲು ಕನಿಷ್ಠ 200 ಸೆಕೆಂಡ್ ಬೇಕು, ಅದರ ಗಾತ್ರದ ಸಾಮರ್ಥ್ಯದಲ್ಲಿ ಐದರಲ್ಲೊಂದು ಭಾಗವಷ್ಟೇ ಬಳಕೆಯಾಗುತ್ತದೆ. ಒಗ್ಗೂಡಿಸಿದರೆ ಸುಮಾರು 250 ದರಗಳು ಒಂದು ದಾಖಲೆಯಲ್ಲಿ ಹಿಡಿಯುತ್ತವೆ. 2 ಲಕ್ಷವು 800ಕ್ಕೆ ಇಳಿದು, ಸುಮಾರು 40 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಶುಲ್ಕದಲ್ಲಿಯೂ ವ್ಯತ್ಯಾಸ ದೊಡ್ಡದು. ಶಾರ್ಡುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯಲ್ಲಿ ಪ್ರತಿ ದಾಖಲೆಯನ್ನು 25 ಕೆಬಿಯ ಘಟಕಗಳಿಗೆ ಮೇಲ್ಮುಖವಾಗಿ ಸರಿದೂಗಿಸಿ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಕಳುಹಿಸಿದರೆ 2 ಲಕ್ಷ ಘಟಕಗಳಿಗೆ, ಒಗ್ಗೂಡಿಸಿದರೆ ಸುಮಾರು 1,600 ಘಟಕಗಳಿಗೆ ಹಣ ತೆರಬೇಕಾಗುತ್ತದೆ.

ದಾಖಲೆ ಯಾವ ಶಾರ್ಡಿಗೆ ಹೋಗಬೇಕೆಂಬುದನ್ನು ಅದರೊಂದಿಗೆ ನೀಡುವ ವಿಭಜನಾ ಕೀಲಿ ನಿರ್ಧರಿಸುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂಬ ಊರಿನ ಹೆಸರನ್ನೇ ಕೀಲಿಯಾಗಿಸುವುದು ಮೊದಲ ನೋಟಕ್ಕೆ ಸಹಜವೆನಿಸುತ್ತದೆ, ಆದರೆ ಅದು ತಪ್ಪು ಆಯ್ಕೆ. ಮೆಣಸಿನಕಾಯಿ ಸುಗ್ಗಿಯ ದಿನ ಬ್ಯಾಡಗಿಯ ದರಗಳೆಲ್ಲ ಒಂದೇ ಶಾರ್ಡಿನ ಮೇಲೆ ಬಿದ್ದು ಅದು ತುಂಬಿಹೋಗುತ್ತದೆ. ಉಳಿದೆರಡು ಊರುಗಳ ಶಾರ್ಡುಗಳಲ್ಲಿ ಜಾಗವಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಮುಂಗಾರಿನ ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ಕಾಲಕ್ಕೆ ಹೊರೆ ಇನ್ನೊಂದು ಕಡೆಗೆ ವಾಲಬಹುದು. ಒಗ್ಗೂಡಿಕೆಯಿಂದ ಈ ಅಸಮತೋಲನ ಸರಿಹೋಗದು. ಲಾಟ್ ಸಂಖ್ಯೆಯನ್ನು ಕೀಲಿಯಾಗಿಸಿದರೆ ದಾಖಲೆಗಳು ಎಲ್ಲ ಶಾರ್ಡುಗಳಿಗೂ ಹಂಚಿಹೋಗುತ್ತವೆ, ಒಂದು ಲಾಟಿನ ದರಗಳೆಲ್ಲವೂ ಒಂದೇ ಶಾರ್ಡಿನಲ್ಲಿ ಉಳಿಯುತ್ತವೆ.

ನಷ್ಟ, ಪುನರಾವರ್ತನೆ ಮತ್ತು ಕ್ರಮ

ಕೆಪಿಎಲ್ ಕುರಿತ ಪರಿಚಯಗಳು ಸಾಮಾನ್ಯವಾಗಿ ವೇಗದ ಮೇಲೆ ಒತ್ತು ಕೊಡುತ್ತವೆ. ಬಳಕೆಯಲ್ಲಿ ಹೆಚ್ಚಿನ ತೊಂದರೆ ಬರುವುದು ಇಲ್ಲಿಂದ.

ಕಂತೆ ಸೇರಲು ಕಾಯುತ್ತಿರುವ ದಾಖಲೆ ಸ್ಮೃತಿಯಲ್ಲಿ ಮಾತ್ರ ಇರುತ್ತದೆ, ಡಿಸ್ಕಿನಲ್ಲಿರುವುದಿಲ್ಲ. ವಿದ್ಯುತ್ ಹೋಗಿ ಕಂಪ್ಯೂಟರ್ ಸ್ಥಗಿತಗೊಂಡರೆ, ಅಥವಾ ಬಾಕಿ ಇರುವುದನ್ನು ಹೊರಹಾಕುವ ಆಜ್ಞೆಯನ್ನು ನೀಡದೆ ಕ್ರಮವಿಧಿಯನ್ನು ನಿಲ್ಲಿಸಿದರೆ, ಅಂಥ ದಾಖಲೆಗಳ ಕುರುಹೂ ಉಳಿಯುವುದಿಲ್ಲ. ಜಾಲ ಸಂಪರ್ಕ ಒಂದು ನಿಮಿಷ ಕಡಿದುಹೋದರೂ ಸಾಕು: ಪೂರ್ವನಿಗದಿತ ಆಯುಷ್ಯ 30 ಸೆಕೆಂಡ್ ಆಗಿರುವುದರಿಂದ ಸಂಪರ್ಕ ಮರಳುವಷ್ಟರಲ್ಲಿ ಮೊದಲ ದಾಖಲೆಗಳು ರದ್ದಾಗಿರುತ್ತವೆ. ಚೀಟಿಯನ್ನು ಪರಿಶೀಲಿಸದ ಕ್ರಮವಿಧಿಗೆ ಇದರ ಸುಳಿವೇ ಸಿಗದು. ಮೇಲಿನ ಉದಾಹರಣೆಯಲ್ಲಿ, ಖರೀದಿದಾರ ದರ ನಮೂದಿಸಿದ ಕೂಡಲೇ ಪರದೆಯ ಮೇಲೆ ‘ದಾಖಲಾಗಿದೆ’ ಎಂದು ತೋರಿಸಿ, ಅನಂತರ ಆ ದಾಖಲೆ ಕಳೆದುಹೋದರೆ, ಲಾಟು ಎರಡನೆಯ ಗರಿಷ್ಠ ದರಕ್ಕೆ ಹೋಗುತ್ತದೆ. ಕ್ವಿಂಟಲ್‌ಗೆ ಎಷ್ಟು ಕಡಿಮೆಯಾಯಿತೋ ಅಷ್ಟು ನಷ್ಟ ರೈತನದು. ತನಗೆ ನಷ್ಟವಾಗಿದೆ ಎಂಬುದೂ ಅವನಿಗೆ ತಿಳಿಯುವುದಿಲ್ಲ. ಆದುದರಿಂದ ದಾಖಲೆಯನ್ನು ಮೊದಲು ಸ್ಥಳೀಯ ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಚೀಟಿ ಯಶಸ್ವಿಯಾದ ಬಳಿಕವೇ ಸ್ವೀಕೃತಿ ತೋರಿಸುವುದು ಸುರಕ್ಷಿತ ಕ್ರಮ. ಟೆಂಡರ್ ಮುಗಿಯುವ ಗಳಿಗೆಯಲ್ಲಿ ಬಾಕಿ ಕಂತೆಗಳನ್ನೆಲ್ಲ ಹೊರಹಾಕಿ, ಚೀಟಿಗಳನ್ನು ತಾಳೆ ನೋಡಿದ ನಂತರವೇ ಫಲಿತಾಂಶಕ್ಕೆ ಕೈಹಾಕಬೇಕು.

ದರದ ವಿಷಯದಲ್ಲಿ ಮಾರುಕಟ್ಟೆ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ತಂತ್ರಾಂಶದ ಹೊರಗಿನ ನಿದರ್ಶನವೂ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ಅಲ್ಲಿನ ವಿವಾದ ಬೆಲೆಯದಾಗಿತ್ತು, ದತ್ತಾಂಶ ರವಾನೆಯದಲ್ಲ. ಆದರೂ ಅಂಥ ಸ್ಥಳದಲ್ಲಿ ಪ್ರಕಟವಾಗುವ ಅಂಕಿಗಳು ಸಂಶಯಕ್ಕೆ ಎಡೆಗೊಡದಂತಿರಬೇಕು ಎಂಬುದು ಇದರಿಂದ ಸ್ಪಷ್ಟ.

ದಾಖಲೆ ಕಳೆದುಹೋಗುವಂತೆಯೇ ಎರಡು ಸಲ ತಲುಪಲೂಬಹುದು. ಕಂತೆ ತಲುಪಿದ್ದರೂ ಅದರ ಉತ್ತರ ದಾರಿಯಲ್ಲಿ ಕಳೆದುಹೋದರೆ ಲೈಬ್ರರಿಯು ಅದನ್ನೇ ಮತ್ತೊಮ್ಮೆ ಕಳುಹಿಸುತ್ತದೆ. ಗರಿಷ್ಠ ದರವನ್ನು ಕಂಡುಹಿಡಿಯುವ ಲೆಕ್ಕಕ್ಕೆ ಇದರಿಂದ ಬಾಧೆಯಿಲ್ಲ, ಒಂದೇ ದರವನ್ನು ಎರಡು ಬಾರಿ ನೋಡಿದರೂ ಗರಿಷ್ಠ ಬದಲಾಗದು. ಆವಕದ ಚೀಲಗಳನ್ನು ಕೂಡುವ ಲೆಕ್ಕವಾದರೆ ಮೊತ್ತವೇ ತಪ್ಪುತ್ತದೆ. ಪ್ರತಿ ದಾಖಲೆಗೂ ಮೂಲದಲ್ಲಿಯೇ ಒಂದು ವಿಶಿಷ್ಟ ಸಂಖ್ಯೆ ನೀಡಿ, ಸ್ವೀಕರಿಸುವ ಕಡೆ ಪುನರಾವರ್ತಿತವಾದುದನ್ನು ತೆಗೆದುಹಾಕುವುದು ಇದಕ್ಕೆ ರೂಢಿಯ ಪರಿಹಾರ.

ಮರುಪ್ರಯತ್ನಗಳಿಂದಾಗಿ ದಾಖಲೆಗಳ ಕ್ರಮವೂ ಹಿಂದುಮುಂದಾಗಬಹುದು. ಕಳುಹಿಸಿದ ಕ್ರಮದಲ್ಲಿಯೇ ತಲುಪಿಸುವ ಖಾತರಿಯನ್ನು ಕೆಪಿಎಲ್ ನೀಡುವುದಿಲ್ಲ. ಕೈನೆಸಿಸ್ ದಾಖಲಿಸುವ ಆಗಮನ ಸಮಯವನ್ನು ನಂಬಿಯೂ ಪ್ರಯೋಜನವಿಲ್ಲ. ಆ ಸಮಯವು ಇಡೀ ಕಂತೆಗೆ ಒಂದೇ ಆಗಿದ್ದು, ಒಳಗಿರುವ 250 ದರಗಳಲ್ಲಿ ಮೊದಲು ನಮೂದಾದದ್ದು ಯಾವುದೆಂದು ಅದು ಹೇಳಲಾರದು. ಇಬ್ಬರು ಖರೀದಿದಾರರ ದರ ಸಮವಾದಾಗ ಮೊದಲು ಬರೆದವರಿಗೆ ಲಾಟು ಎಂಬ ನಿಯಮವಿದ್ದರೆ, ನಮೂದಿಸಿದ ಸಮಯವನ್ನು ದಾಖಲೆಯ ಒಳಗೇ ಸೇರಿಸಬೇಕಾಗುತ್ತದೆ.

ಮಿತಿಗಳು ಮತ್ತು ಪರ್ಯಾಯಗಳು

ಕಾಯುವ ಅವಧಿಯನ್ನು ಹೆಚ್ಚಿಸಿದಷ್ಟೂ ಕಂತೆ ದೊಡ್ಡದಾಗಿ ಖರ್ಚು ತಗ್ಗುತ್ತದೆ, ವಿಳಂಬ ಬೆಳೆಯುತ್ತದೆ. ಈ ವಿಳಂಬವನ್ನು ಸಹಿಸಲಾಗದ ಕಡೆ ಸಾಮಾನ್ಯ ಅಭಿವೃದ್ಧಿ ಕಿಟ್ ಬಳಸಿ ನೇರವಾಗಿ ಕಳುಹಿಸುವುದೇ ಸೂಕ್ತವೆಂದು ಅಮೆಜಾನ್‌ನ ಕೈಪಿಡಿಯೂ ಸೂಚಿಸುತ್ತದೆ. ಒಂದೇ ವ್ಯವಸ್ಥೆಯಲ್ಲಿ ಎರಡನ್ನೂ ಬಳಸಬಹುದು. ತೂಕದ ಕಾಟಾದ ಅಂಕಿ, ದ್ವಾರದ ನೋಂದಣಿ, ಗೋದಾಮಿನ ಉಷ್ಣಾಂಶದಂಥವು ಕಂತೆಯಲ್ಲಿ ಹೋಗಲಿ, ದರದ ಸ್ವೀಕೃತಿ ನೇರವಾಗಿ ಹೋಗಲಿ ಎಂಬ ವಿಂಗಡಣೆ ಅನೇಕ ಕಡೆ ಹೊಂದಿಕೆಯಾಗುತ್ತದೆ. ದಿನಕ್ಕೆ ಕೆಲವೇ ಸಾವಿರ ದಾಖಲೆಗಳಿರುವಲ್ಲಿ ಈ ಲೈಬ್ರರಿಯ ಅಗತ್ಯವೇ ಬೀಳುವುದಿಲ್ಲ; ಪ್ರತ್ಯೇಕ ಹಿನ್ನೆಲೆ ಪ್ರಕ್ರಿಯೆಯನ್ನು ನಿರ್ವಹಿಸುವುದೇ ಅಲ್ಲಿ ಹೊರೆಯಾದೀತು.

ಇದೇ ತತ್ತ್ವದ ಮೇಲೆ ಕೆಲಸ ಮಾಡುವ ಇತರ ತಂತ್ರಾಂಶಗಳಲ್ಲಿ ಅಪಾಚೆ ಕಾಫ್ಕಾದ ಪ್ರೊಡ್ಯೂಸರ್ ಪ್ರಮುಖವಾದುದು. ಅಲ್ಲಿಯೂ ಕಂತೆಯ ಗಾತ್ರ ಮತ್ತು ಕಾಯುವ ಅವಧಿ ಎಂಬ ಎರಡು ಹಿಡಿಗಳಿವೆ. ಕಾಫ್ಕಾ ತನ್ನ ಕಂತೆಯನ್ನು ತಾನೇ ಬಲ್ಲದು. ಕೈನೆಸಿಸ್ ಸೇವೆಗೆ ಮಾತ್ರ ಕೆಪಿಎಲ್‌ನ ಕಂತೆಯು ಒಳಗೇನಿದೆಯೆಂದು ತಿಳಿಯದ ಒಂದು ಸಾಮಾನ್ಯ ದಾಖಲೆಯಾಗಿಯೇ ಕಾಣುತ್ತದೆ.

ಆವೃತ್ತಿಗಳು

ಲೈಬ್ರರಿಯ ಮೊದಲ ಸರಣಿಯಾದ 0.x ಆವೃತ್ತಿಗಳಿಗೆ ನೀಡುತ್ತಿರುವ ಬೆಂಬಲ 2026ರ ಜನವರಿ 30ಕ್ಕೆ ಕೊನೆಗೊಳ್ಳುವುದೆಂದು ಅಮೆಜಾನ್ ಪ್ರಕಟಿಸಿತ್ತು. 1.x ಸರಣಿಯು ಜಾವಾ ಅಭಿವೃದ್ಧಿ ಕಿಟ್‌ನ ಎರಡನೆಯ ಪೀಳಿಗೆಯನ್ನು ಬಳಸುತ್ತದೆ.